ಕಾಲೇಜು ಪ್ರವೇಶ: ತಯಾರಿ ಒಂಬತ್ತನೇ ತರಗತಿಯಿಂದಲೇ ಆಗಲಿ

ಮೇ, ಜೂನ್ ತಿಂಗಳು ಬಂತೆಂದರೆ ನಾಡಕಚೇರಿ, ಬಿಇಒ ಕಚೇರಿ ಮತ್ತು ಸೈಬರ್ ಸೆಂಟರ್‌ಗಳ ಮುಂದೆ ಪೋಷಕರ ಸಾಲು ಕಾಣುತ್ತದೆ. ಮಗಳಿಗೆ ಒಳ್ಳೆಯ ರ‍್ಯಾಂಕ್ ಬಂದಿರುತ್ತದೆ, ಆದರೆ ಜಾತಿ ಪ್ರಮಾಣ ಪತ್ರದಲ್ಲಿ ತಂದೆಯ ಹೆಸರು ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇರುತ್ತದೆ. ಮಗ ಹತ್ತು ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರುತ್ತಾನೆ, ಆದರೆ ಗ್ರಾಮೀಣ ಪ್ರಮಾಣ ಪತ್ರಕ್ಕೆ ಸಹಿ ಹಾಕಬೇಕಾದ ಮುಖ್ಯೋಪಾಧ್ಯಾಯರು ರಜೆಯಲ್ಲಿರುತ್ತಾರೆ. ಅಂಕ ಕಡಿಮೆಯಾಗಿ ಸೀಟು ತಪ್ಪಿದರೆ ಅದಕ್ಕೆ ಸಮಾಧಾನ ಹೇಳಿಕೊಳ್ಳಬಹುದು. ಕಾಗದ ಸರಿಯಿಲ್ಲದೆ ತಪ್ಪಿದರೆ ಮನೆಯವರಿಗೆ ವರ್ಷಗಟ್ಟಲೆ ಕೊರಗು ಉಳಿಯುತ್ತದೆ.

ಓದಿ ಅಂಕ ತೆಗೆಯುವುದು ಮಕ್ಕಳ ಕೆಲಸ. ದಾಖಲೆಗಳನ್ನು ಸರಿಪಡಿಸುವುದು, ನಿಯಮಗಳನ್ನು ತಿಳಿದುಕೊಳ್ಳುವುದು, ಹಣ ಹೊಂದಿಸುವುದು ಹಿರಿಯರ ಕೆಲಸ. ಈ ಮೂರನ್ನೂ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಆರಂಭಿಸಿದರೆ ಒಂದೂ ನೆಟ್ಟಗಾಗುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಆರಂಭಿಸಿದರೆ ವರ್ಷಕ್ಕೆ ನಾಲ್ಕೈದು ದಿನದ ಓಡಾಟದಲ್ಲಿ ಎಲ್ಲವೂ ಮುಗಿಯುತ್ತದೆ. ಜೈನ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಗಳನ್ನು ಇಲ್ಲಿ ಒಂದೊಂದಾಗಿ ವಿವರಿಸಲಾಗಿದೆ.

ಎಲ್ಲಕ್ಕೂ ಬುನಾದಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ

ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಜನ್ಮ ದಿನಾಂಕ ಇವುಗಳಿಗೆ ಮುಂದೆ ಎಲ್ಲರೂ ಆಧಾರವಾಗಿ ಕೇಳುವುದು ಹತ್ತನೇ ತರಗತಿಯ ಅಂಕಪಟ್ಟಿಯನ್ನು. ಸಿಇಟಿ, ನೀಟ್, ಜೆಇಇ ಅರ್ಜಿಗಳು, ವಿದ್ಯಾರ್ಥಿವೇತನ, ಪಾಸ್‌ಪೋರ್ಟ್, ಬ್ಯಾಂಕ್ ಸಾಲ, ನಾಳೆ ನೌಕರಿ ಎಲ್ಲವೂ ಅದನ್ನೇ ನೋಡುತ್ತವೆ. ಆ ಅಂಕಪಟ್ಟಿಗೆ ವಿವರ ಹೋಗುವುದು ಶಾಲೆಯ ದಾಖಲೆಯಿಂದ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಹತ್ತನೇ ತರಗತಿಯ ನೋಂದಣಿ ಸಮಯದಲ್ಲಿ ಈ ವಿವರ ಮಂಡಳಿಗೆ ಹೋಗುತ್ತದೆ. ಸಿಬಿಎಸ್‌ಇ ಶಾಲೆಗಳಲ್ಲಿ ಒಂಬತ್ತನೇ ತರಗತಿಯಲ್ಲೇ ನೋಂದಣಿ ಆಗುತ್ತದೆ. ಅದಕ್ಕಿಂತ ಮೊದಲು ಶಾಲೆಯಲ್ಲಿ ಒಂದು ಅರ್ಜಿ ಮತ್ತು ಜನನ ಪ್ರಮಾಣ ಪತ್ರ ಕೊಟ್ಟು ತಿದ್ದಿಸಬಹುದಾದ ತಪ್ಪಿಗೆ, ಅಂಕಪಟ್ಟಿ ಮುದ್ರಣವಾದ ಮೇಲೆ ಮಂಡಳಿಗೆ ಅಲೆಯಬೇಕಾಗುತ್ತದೆ. ಜನ್ಮ ದಿನಾಂಕದ ವಿಷಯವಾದರೆ ಕೋರ್ಟಿನವರೆಗೂ ಹೋಗಬೇಕಾಗಬಹುದು.

ಜೈನ ಕುಟುಂಬಗಳಲ್ಲಿ ಹೆಸರಿನ ಗೊಂದಲ ಸ್ವಲ್ಪ ಹೆಚ್ಚೇ ಇದೆ. ಒಂದೇ ಮನೆಯಲ್ಲಿ ಅಜ್ಜ ಶೆಟ್ಟಿ ಎಂದೋ ಪಾಟೀಲ ಎಂದೋ ಬರೆಸಿರುತ್ತಾರೆ, ತಂದೆ ಇನಿಶಿಯಲ್ ಮಾತ್ರ ಇಟ್ಟುಕೊಂಡಿರುತ್ತಾರೆ, ಮಗನ ಹೆಸರಿಗೆ ‘ಜೈನ್’ ಸೇರಿರುತ್ತದೆ. ತಾಯಿಯ ಹೆಸರು ಮದುವೆಗೆ ಮೊದಲು ಒಂದು, ನಂತರ ಇನ್ನೊಂದು. ಇಂಗ್ಲಿಷ್ ಅಕ್ಷರಗಳಲ್ಲಿ ‘ಪದ್ಮರಾಜ’, ‘ಪದ್ಮರಾಜು’, ‘ಪದ್ಮರಾಜಯ್ಯ’ ಮೂರೂ ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತವೆ. ಕಂಪ್ಯೂಟರ್ ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ಒಪ್ಪುವುದಿಲ್ಲ.

ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಮಗುವಿನ ಮತ್ತು ತಂದೆ ತಾಯಿಯ ಹೆಸರು ಜನನ ಪ್ರಮಾಣ ಪತ್ರ, ಶಾಲಾ ದಾಖಲೆ, ಆಧಾರ್, ಪಡಿತರ ಚೀಟಿ, ಪ್ಯಾನ್ ಕಾರ್ಡ್‌ಗಳಲ್ಲಿ ಹೇಗಿದೆ ಎಂದು ಸಾಲಾಗಿ ಬರೆದುಕೊಳ್ಳಬೇಕು. ಎಲ್ಲಿ ಹೊಂದಿಕೆಯಿಲ್ಲವೋ ಅಲ್ಲಿ ಗುರುತು ಹಾಕಿ, ಯಾವ ರೂಪ ಉಳಿಯಬೇಕು ಎಂದು ಮನೆಯವರು ಕುಳಿತು ತೀರ್ಮಾನಿಸಬೇಕು. ನಂತರ ಉಳಿದವುಗಳನ್ನು ಅದಕ್ಕೆ ಹೊಂದಿಸಬೇಕು. ಮಕ್ಕಳಿಗೆ 15 ವರ್ಷ ತುಂಬಿದಾಗ ಆಧಾರ್‌ನಲ್ಲಿ ಬೆರಳಚ್ಚು ಮತ್ತು ಭಾವಚಿತ್ರವನ್ನು ಹೊಸದಾಗಿ ಕೊಡುವುದು ಕಡ್ಡಾಯ. ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಸರಿಪಡಿಸುವುದಿದ್ದರೆ ಅದೇ ಸಲ ಮುಗಿಸಿಬಿಡಬಹುದು.

ಶಾಲೆಯ ದಾಖಲೆಯಲ್ಲಿ ನೋಡಲೇಬೇಕಾದ ಇನ್ನೊಂದು ಸಾಲು ಧರ್ಮ ಮತ್ತು ಜಾತಿಯದು. ಎಷ್ಟೋ ಮಕ್ಕಳ ದಾಖಲೆಯಲ್ಲಿ ಧರ್ಮದ ಜಾಗದಲ್ಲಿ ‘ಹಿಂದೂ’ ಎಂದೂ ಜಾತಿಯ ಜಾಗದಲ್ಲಿ ‘ಜೈನ’ ಎಂದೂ ಇರುತ್ತದೆ. ಕೆಲವು ಕಡೆ ‘ಹಿಂದೂ ಜೈನ’ ಎಂದೇ ಬರೆದಿರುತ್ತಾರೆ. ಶಾಲೆಗೆ ಸೇರಿಸುವಾಗ ಗುಮಾಸ್ತರು ಬರೆದುಕೊಂಡದ್ದನ್ನು ಯಾರೂ ಮತ್ತೆ ನೋಡಿರುವುದಿಲ್ಲ. ಧರ್ಮದ ಜಾಗದಲ್ಲಿ ‘ಜೈನ’ ಎಂದೇ ಇರಬೇಕು. ದಿಗಂಬರರಾದರೆ ಜಾತಿಯ ಜಾಗದಲ್ಲಿ ‘ಜೈನ (ದಿಗಂಬರ)’ ಎಂದು ಸ್ಪಷ್ಟವಾಗಿರಬೇಕು. ಇದು ಏಕೆ ಮುಖ್ಯ ಎಂಬುದು ಮುಂದಿನ ಭಾಗದಲ್ಲಿದೆ.

ಹಿಂದುಳಿದ ವರ್ಗ ಬೇರೆ, ಅಲ್ಪಸಂಖ್ಯಾತ ಬೇರೆ

ಸಮಾಜದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ‘ನಾವು ಅಲ್ಪಸಂಖ್ಯಾತರು, ಆದ್ದರಿಂದ ಸಿಇಟಿಯಲ್ಲಿ ಮೀಸಲಾತಿ ಇದೆ’ ಎಂದು ಕೆಲವರು ತಿಳಿದಿರುತ್ತಾರೆ. ‘ನಮಗೆ ಯಾವ ಸೌಲಭ್ಯವೂ ಇಲ್ಲ’ ಎಂದು ಮತ್ತೆ ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ. ಎರಡೂ ತಪ್ಪು. ಇಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ, ಪ್ರಮಾಣ ಪತ್ರಗಳೂ ಬೇರೆ.

ಮೊದಲನೆಯದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ. ಅದರಲ್ಲಿ ಜೈನ ದಿಗಂಬರರು ಪ್ರವರ್ಗ 3ಬಿ ಯಲ್ಲಿದ್ದಾರೆ. ಈ ಪ್ರವರ್ಗಕ್ಕೆ ರಾಜ್ಯದ ಪ್ರವೇಶಾತಿಯಲ್ಲಿ ಶೇಕಡಾ 5ರಷ್ಟು ಸೀಟು ಮೀಸಲಾಗಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯ ಮಿತಿಯೊಳಗಿರಬೇಕು, ಮೇಲ್‌ಪದರವನ್ನು ಹೊರಗಿಡುವ ಇತರ ಮಾನದಂಡಗಳೂ ಅನ್ವಯವಾಗುತ್ತವೆ. ಇದಕ್ಕೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣ ಪತ್ರವನ್ನು ತಹಶೀಲ್ದಾರರು ಕೊಡುತ್ತಾರೆ. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ತುಂಬಿದಾಗ ಹೆಸರು ಮತ್ತು ಪ್ರವರ್ಗ ಅಲ್ಲೇ ಪರಿಶೀಲನೆಯಾಗುತ್ತದೆ. ಹಳೆಯ ಪ್ರಮಾಣ ಪತ್ರ ಇದ್ದರೆ ಅದರ ಅವಧಿ ಮುಗಿದಿಲ್ಲವೇ ಎಂದು ನೋಡಿಕೊಳ್ಳಬೇಕು. ತಂದೆಯ ಹೆಸರಿನಲ್ಲಿರುವ ಪ್ರಮಾಣ ಪತ್ರ ಮಗಳಿಗೆ ಆಗುವುದಿಲ್ಲ, ವಿದ್ಯಾರ್ಥಿಯ ಹೆಸರಿನಲ್ಲೇ ಬೇಕು.

ಶ್ವೇತಾಂಬರ ಕುಟುಂಬಗಳ ಮಕ್ಕಳು ಈ ಪಟ್ಟಿಯಲ್ಲಿ ಬರುವುದಿಲ್ಲ, ಅವರು ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಬೇಕು. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಅರ್ಜಿ ಹಾಕುವಾಗ ರಾಜ್ಯದ 3ಬಿ ಪ್ರಮಾಣ ಪತ್ರ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ಪಟ್ಟಿ ಮತ್ತು ಕೇಂದ್ರದ ನಮೂನೆಯೇ ಬೇಕು. ಎಸ್‌ಸಿ, ಎಸ್‌ಟಿ ಮತ್ತು ಕೇಂದ್ರದ ಒಬಿಸಿ ಪಟ್ಟಿಗೆ ಸೇರದ, 8 ಲಕ್ಷಕ್ಕಿಂತ ಕಡಿಮೆ ಆದಾಯದ ಕುಟುಂಬಗಳಿಗೆ ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣ ಪತ್ರ, ಅಂದರೆ ಇಡಬ್ಲ್ಯುಎಸ್ ಪ್ರಮಾಣ ಪತ್ರ ದೊರೆಯುತ್ತದೆ. ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಭೂಮಿ ಇದ್ದವರಿಗೆ ಇದು ಸಿಗುವುದಿಲ್ಲ. ಆರ್ಥಿಕ ವರ್ಷ ಬದಲಾದಾಗ ಹೊಸದು ಮಾಡಿಸಬೇಕು.

ಎರಡನೆಯದು ಧಾರ್ಮಿಕ ಅಲ್ಪಸಂಖ್ಯಾತ ಸ್ಥಾನ. ಕೇಂದ್ರ ಸರ್ಕಾರ 2014ರ ಜನವರಿ 27ರಂದು ಜೈನ ಸಮುದಾಯವನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚನೆ ಹೊರಡಿಸಿತು. ಇದು ಧರ್ಮದ ಆಧಾರದ ಮೇಲಿನದು, ಆದ್ದರಿಂದ ದಿಗಂಬರ, ಶ್ವೇತಾಂಬರ ಎಂಬ ಭೇದವಿಲ್ಲ. ಸಿಇಟಿಯ ಸರ್ಕಾರಿ ಸೀಟುಗಳಲ್ಲಿ ಇದರಿಂದ ಮೀಸಲಾತಿ ಬರುವುದಿಲ್ಲ. ಆದರೆ ಜೈನ ಅಲ್ಪಸಂಖ್ಯಾತ ಸಂಸ್ಥೆ ಎಂದು ಮಾನ್ಯತೆ ಪಡೆದ ಕಾಲೇಜುಗಳಲ್ಲಿ ಸಮುದಾಯದ ಮಕ್ಕಳಿಗೆ ಪಾಲು ಇರುತ್ತದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸಾಲ ಇವುಗಳಿಗೂ ಇದೇ ಆಧಾರ. ಇಲ್ಲಿ ದಾಖಲೆಯಲ್ಲಿ ಧರ್ಮ ‘ಹಿಂದೂ’ ಎಂದಿದ್ದರೆ ತೊಡಕು ಎದುರಾಗುತ್ತದೆ. ಹಿಂದೆ ಹೇಳಿದ ಒಂದು ಸಾಲಿನ ಬೆಲೆ ಆಗ ಗೊತ್ತಾಗುತ್ತದೆ.

ಎಲ್ಲಿ ಓದಿದರು, ಎಷ್ಟು ವರ್ಷ ಓದಿದರು

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸರ್ಕಾರಿ ಸೀಟು ಪಡೆಯಲು ಮಗು ಕರ್ನಾಟಕದವನೆಂಬ ಅರ್ಹತೆ ತೋರಿಸಬೇಕು. ಸಾಮಾನ್ಯ ನಿಯಮ ಹೀಗಿದೆ: ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು, ಹತ್ತನೇ ಅಥವಾ ಹನ್ನೆರಡನೇ ತರಗತಿಯ ಪರೀಕ್ಷೆಗಳಲ್ಲಿ ಒಂದನ್ನಾದರೂ ಕರ್ನಾಟಕದಲ್ಲಿ ಬರೆದು ಪಾಸಾಗಿರಬೇಕು.

ವ್ಯಾಪಾರಕ್ಕಾಗಿ ಊರು ಬದಲಿಸುವ ಕುಟುಂಬಗಳು ಇದನ್ನು ಮೊದಲೇ ಎಣಿಸಬೇಕು. ಉದಾಹರಣೆಗೆ, ರಾಜಸ್ಥಾನದಲ್ಲಿ ಆರನೇ ತರಗತಿ ಮುಗಿಸಿ ಏಳನೇ ತರಗತಿಗೆ ದಾವಣಗೆರೆಗೆ ಬಂದ ಹುಡುಗನಿಗೆ ಪಿಯುಸಿ ಮುಗಿಯುವ ಹೊತ್ತಿಗೆ ಆರು ವರ್ಷ ಮಾತ್ರ ಆಗುತ್ತದೆ, ಒಂದು ವರ್ಷ ಕಡಿಮೆ. ಹೀಗಾದವರಿಗೆ ನಿಯಮದಲ್ಲಿ ಬೇರೆ ದಾರಿಗಳೂ ಇವೆ. ಮಗು ಎರಡು ವರ್ಷ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿದ್ದು, ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅದರ ಮೇಲೆ ಅರ್ಹತೆ ಕೇಳಬಹುದು. ತಾಯಿಯ ತವರು ಹುಬ್ಬಳ್ಳಿಯೋ ಶಿವಮೊಗ್ಗವೋ ಆಗಿದ್ದರೆ ಅವರು ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣ ಪತ್ರ ತರಿಸಬೇಕಾಗುತ್ತದೆ. ಮೂವತ್ತು ವರ್ಷ ಹಿಂದಿನ ಶಾಲಾ ರಿಜಿಸ್ಟರ್ ಹುಡುಕಿಸುವುದು ಒಂದು ದಿನದ ಕೆಲಸವಲ್ಲ.

ಗಡಿಯಾಚೆ ಇರುವ ಕನ್ನಡ ಕುಟುಂಬಗಳಿಗೂ ಅವಕಾಶವಿದೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳು ಮತ್ತು ಕೇರಳದ ಕಾಸರಗೋಡು ಭಾಗದ ಕನ್ನಡ ಮಾತೃಭಾಷೆಯ ಮಕ್ಕಳು ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕಬಹುದು. ಆ ಭಾಗಗಳಲ್ಲಿ ಜೈನ ಮನೆಗಳಿವೆ, ಆದರೆ ಈ ಅವಕಾಶ ತಿಳಿದವರು ಕಡಿಮೆ. ಬೆಳಗಾವಿ, ನಿಪ್ಪಾಣಿ ಕಡೆಯ ನೆಂಟರು ಇದನ್ನು ಅವರಿಗೆ ತಿಳಿಸಬೇಕು.

ಪ್ರವರ್ಗ ಯಾವುದೇ ಆಗಿರಲಿ, ಅದರ ಒಳಗೇ ದೊರೆಯುವ ಇನ್ನೆರಡು ಪಾಲುಗಳಿವೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಶೇಕಡಾ 15, ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5. ಗ್ರಾಮೀಣ ಪಾಲಿಗೆ ಲೆಕ್ಕ ಹಿಡಿಯುವುದು ಶಾಲೆ ಇರುವ ಊರನ್ನು, ಮನೆ ಇರುವ ಊರನ್ನಲ್ಲ. ಹಳ್ಳಿಯಲ್ಲಿ ಮನೆಯಿದ್ದು ಮಕ್ಕಳನ್ನು ಪಟ್ಟಣದ ಶಾಲೆಗೆ ಬಸ್ಸಿನಲ್ಲಿ ಕಳಿಸಿದವರಿಗೆ ಇದು ಸಿಗುವುದಿಲ್ಲ. ಹತ್ತು ವರ್ಷದಲ್ಲಿ ಮೂರು ಶಾಲೆ ಬದಲಾಗಿದ್ದರೆ ಮೂರೂ ಶಾಲೆಗಳ ಮುಖ್ಯೋಪಾಧ್ಯಾಯರ ಸಹಿ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆಯಲ್ಲೇ ನಮೂನೆಯಂತೆ ಇವುಗಳನ್ನು ಮಾಡಿಸಿಟ್ಟುಕೊಂಡರೆ ಎರಡು ವರ್ಷದ ನಂತರ ನಿಶ್ಚಿಂತೆ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳ ಸ್ಥಳೀಯರಿಗೆ ಸಂವಿಧಾನದ 371ಜೆ ವಿಧಿಯಡಿ ಆ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟುಗಳಿವೆ. ಅದರ ಅರ್ಹತಾ ಪ್ರಮಾಣ ಪತ್ರವನ್ನು ಉಪವಿಭಾಗಾಧಿಕಾರಿ ಕೊಡುತ್ತಾರೆ. ಅಲ್ಲಿ ತಲೆಮಾರುಗಳಿಂದ ಅಂಗಡಿ ನಡೆಸುತ್ತಿರುವ ಕುಟುಂಬಗಳು ಇದನ್ನು ಕಡೆಗಣಿಸಬಾರದು.

ವಿಷಯ ಆಯ್ಕೆ: ಎಲ್ಲರೂ ತೆಗೆದುಕೊಂಡರು ಎಂಬುದು ಕಾರಣವಲ್ಲ

ಪಿಯುಸಿಗೆ ಸೇರಿಸುವ ದಿನ ಮುಂದಿನ ಅರ್ಧ ದಾರಿ ನಿಗದಿಯಾಗಿಬಿಡುತ್ತದೆ. ಗಣಿತ ಬಿಟ್ಟ ಮಗುವಿಗೆ ಎಂಜಿನಿಯರಿಂಗ್ ಇಲ್ಲ, ಜೀವಶಾಸ್ತ್ರ ಬಿಟ್ಟ ಮಗುವಿಗೆ ವೈದ್ಯಕೀಯ ಇಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿರದ ಸಂಗತಿ ಕಾಮರ್ಸ್‌ನಲ್ಲಿದೆ. ಸಮಾಜದ ಹೆಚ್ಚಿನ ಮನೆಗಳು ವ್ಯಾಪಾರದವು, ಮಕ್ಕಳು ಕಾಮರ್ಸ್ ಕಡೆ ಹೋಗುವುದು ಸಹಜ. ಆದರೆ ‘ಕಾಮರ್ಸ್‌ಗೆ ಗಣಿತ ಏಕೆ’ ಎಂದು ಸುಲಭದ ವಿಷಯ ಕೊಡಿಸಿದರೆ ಕೆಲವು ಬಾಗಿಲು ಮುಚ್ಚುತ್ತವೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಪದವಿಗೆ ಗಣಿತ ಬೇಕೇ ಬೇಕು. ಇಂದೋರಿನ ಐಐಎಂ ನಡೆಸುವ ಐದು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸಿನ ಪ್ರವೇಶ ಪರೀಕ್ಷೆಯಲ್ಲಿ ಗಣಿತದ ಪ್ರಶ್ನೆಗಳಿಗೆ ದೊಡ್ಡ ಜಾಗವಿದೆ. ಸಂಖ್ಯಾಶಾಸ್ತ್ರ, ಗಣಿತ ಇರುವ ಕಾಂಬಿನೇಷನ್ ಯಾವ ಕಾಲೇಜಿನಲ್ಲಿದೆ ಎಂದು ಹತ್ತನೇ ತರಗತಿಯಲ್ಲೇ ವಿಚಾರಿಸಿಡಬೇಕು. ಸಣ್ಣ ಊರುಗಳಲ್ಲಿ ಅದು ಇರುವುದಿಲ್ಲ.

ಸಿಎ ಓದಬೇಕೆಂಬ ಮಕ್ಕಳು ಹತ್ತನೇ ತರಗತಿ ಪಾಸಾದ ಮೇಲೆ ಫೌಂಡೇಶನ್ ಕೋರ್ಸಿಗೆ ಹೆಸರು ನೋಂದಾಯಿಸಬಹುದು, ಪರೀಕ್ಷೆ ಬರೆಯುವುದು ಹನ್ನೆರಡನೇ ತರಗತಿಯ ನಂತರ. ನಾಲ್ಕು ಪತ್ರಿಕೆಗಳಿರುತ್ತವೆ. ಪ್ರತಿಯೊಂದರಲ್ಲಿ ಶೇಕಡಾ 40, ಒಟ್ಟಾರೆ ಶೇಕಡಾ 50 ಬರಬೇಕು. ನೋಂದಣಿಗೂ ಪರೀಕ್ಷೆಗೂ ನಡುವೆ ನಾಲ್ಕು ತಿಂಗಳ ಅಧ್ಯಯನ ಅವಧಿ ಇರಬೇಕಾದ್ದರಿಂದ ಪಿಯುಸಿ ಫಲಿತಾಂಶದ ನಂತರ ನೋಂದಾಯಿಸುವವರು ಒಂದು ಅವಕಾಶವನ್ನು ಕಳೆದುಕೊಳ್ಳುತ್ತಾರೆ.

ಒಳ್ಳೆಯ ಅಂಕ ಬಂದ ಮಗುವನ್ನು ಡಾಕ್ಟರ್ ಮಾಡಲೇಬೇಕು, ಕಡಿಮೆ ಬಂದರೆ ಅಂಗಡಿಗೆ ಕೂರಿಸಬೇಕು ಎಂಬ ಎರಡೇ ಲೆಕ್ಕದಲ್ಲಿ ಯೋಚಿಸುವುದು ಬೇಡ. ಕೃಷಿ ವಿಜ್ಞಾನ, ಪಶುವೈದ್ಯ, ಫಾರ್ಮಸಿ, ನರ್ಸಿಂಗ್, ವಾಸ್ತುಶಿಲ್ಪ, ಕಾನೂನು ಇವೆಲ್ಲ ಗೌರವದ ದಾರಿಗಳೇ. ಕೃಷಿಕರ ಮಕ್ಕಳಿಗೆ ಕೃಷಿ ವಿಶ್ವವಿದ್ಯಾಲಯಗಳ ಕೋರ್ಸುಗಳಲ್ಲಿ ಪ್ರತ್ಯೇಕ ಪಾಲೂ ಇದೆ. ಮಗುವಿನ ಇಷ್ಟ ಯಾವುದೆಂದು ಒಂಬತ್ತನೇ ತರಗತಿಯಿಂದ ಮಾತಾಡುತ್ತ ಬಂದರೆ ಪಿಯುಸಿಗೆ ಸೇರಿಸುವ ದಿನ ಜಗಳವಾಗುವುದಿಲ್ಲ.

ಯಾವ ಪರೀಕ್ಷೆ ಯಾವುದಕ್ಕೆ

ಸಿಇಟಿ: ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಫಾರ್ಮಸಿ, ನರ್ಸಿಂಗ್ ಮುಂತಾದವುಗಳಿಗೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಆದ್ದರಿಂದ ಕೋಚಿಂಗ್ ಹೆಸರಿನಲ್ಲಿ ಬೋರ್ಡ್ ಪರೀಕ್ಷೆಯನ್ನು ಅಲಕ್ಷಿಸಿದರೆ ನಷ್ಟ.

ನೀಟ್: ಎಂಬಿಬಿಎಸ್, ದಂತವೈದ್ಯ, ಆಯುರ್ವೇದ, ಹೋಮಿಯೋಪಥಿಗೆ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಮಕ್ಕಳನ್ನು ಬೇಗ ಶಾಲೆಗೆ ಸೇರಿಸಿದವರು ಇದನ್ನು ನೋಡಿಕೊಳ್ಳಬೇಕು. ತಪ್ಪು ಉತ್ತರಕ್ಕೆ ಇಲ್ಲಿ ಅಂಕ ಕಳೆಯುತ್ತಾರೆ. ರಾಜ್ಯದ ಸೀಟುಗಳಿಗೆ ನೀಟ್ ಬರೆದರಷ್ಟೇ ಸಾಲದು, ಪರೀಕ್ಷಾ ಪ್ರಾಧಿಕಾರದಲ್ಲಿಯೂ ನೋಂದಾಯಿಸಬೇಕು.

ಜೆಇಇ ಮೇನ್: ಸುರತ್ಕಲ್‌ನ ಎನ್‌ಐಟಿಕೆಯಂಥ ಕೇಂದ್ರ ಸಂಸ್ಥೆಗಳಿಗೆ. ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಸಲ ನಡೆಯುತ್ತದೆ. ಜನವರಿಯ ಪರೀಕ್ಷೆಗೆ ಅರ್ಜಿ ಪಿಯುಸಿ ಪರೀಕ್ಷೆಗೆ ಎಷ್ಟೋ ಮೊದಲೇ ಮುಗಿದುಹೋಗಿರುತ್ತದೆ. ಐಐಟಿಗಳಿಗೆ ಇದರ ಮೇಲೆ ಜೆಇಇ ಅಡ್ವಾನ್ಸ್ಡ್ ಬರೆಯಬೇಕು.

ಕಾಮೆಡ್‌ಕೆ: ರಾಜ್ಯದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಸೀಟುಗಳಿಗೆ. ಇಲ್ಲಿ ಪ್ರವೇಶ ಪರೀಕ್ಷೆಯ ಅಂಕ ಮಾತ್ರ ಲೆಕ್ಕಕ್ಕೆ. ಶುಲ್ಕ ಸಿಇಟಿ ಸೀಟಿಗಿಂತ ಹೆಚ್ಚು.

ಸಿಯುಇಟಿ: ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದಂತೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗಳಿಗೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲ್ಯಾಟ್, ವಾಸ್ತುಶಿಲ್ಪಕ್ಕೆ ನಾಟಾ.

ಸಿಇಟಿ ಸೀಟು ಹಂಚಿಕೆಯಲ್ಲಿ ಕಾಲೇಜುಗಳ ಪಟ್ಟಿ ತುಂಬುವುದನ್ನು ಸೈಬರ್ ಸೆಂಟರ್‌ನವರಿಗೆ ಬಿಡಬಾರದು. ಹೆಚ್ಚು ಇಷ್ಟವಾದದ್ದು ಮೇಲೆ, ಕಡಿಮೆ ಇಷ್ಟವಾದದ್ದು ಕೆಳಗೆ, ಸೇರಲು ಮನಸ್ಸಿಲ್ಲದ್ದು ಪಟ್ಟಿಯಲ್ಲೇ ಬೇಡ. ಸೀಟು ಬಂದ ಮೇಲೆ ನಾಲ್ಕು ಆಯ್ಕೆಗಳಿರುತ್ತವೆ: ಒಪ್ಪಿ ಸೇರುವುದು, ಒಪ್ಪಿಕೊಂಡು ಮುಂದಿನ ಸುತ್ತಿಗೂ ನಿಲ್ಲುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಇವುಗಳ ಅರ್ಥ ತಿಳಿಯದೆ ಒತ್ತಿದರೆ ಕೈಗೆ ಬಂದ ಸೀಟು ಹೋಗುತ್ತದೆ.

ಹಣದ ಲೆಕ್ಕ

ಒಂದೇ ಕೋರ್ಸಿಗೆ ಸರ್ಕಾರಿ ಕಾಲೇಜು, ಖಾಸಗಿ ಕಾಲೇಜಿನ ಸರ್ಕಾರಿ ಸೀಟು, ಕಾಮೆಡ್‌ಕೆ ಸೀಟು, ಮ್ಯಾನೇಜ್‌ಮೆಂಟ್ ಸೀಟು ಎಂದು ಶುಲ್ಕ ನಾಲ್ಕು ತರ. ಅದರ ಮೇಲೆ ಹಾಸ್ಟೆಲ್, ಊಟ, ಪುಸ್ತಕ, ಓಡಾಟ ಸೇರಿಸಿ ನಾಲ್ಕು ವರ್ಷದ ಒಟ್ಟು ಮೊತ್ತ ಬರೆದು ನೋಡಬೇಕು. ಹೆಣ್ಣು ಮಗುವಿನ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದ್ದರೆ, ಆಕೆ ಹತ್ತನೇ ತರಗತಿ ಪಾಸಾದ ಮೇಲೆ ಅಥವಾ 18 ವರ್ಷ ತುಂಬಿದ ಮೇಲೆ ಓದಿಗಾಗಿ ಖಾತೆಯಲ್ಲಿರುವುದರ ಅರ್ಧದವರೆಗೆ ತೆಗೆಯಬಹುದು. ಮದುವೆಗೆಂದು ಕೂಡಿಟ್ಟದ್ದು ಓದಿಗೆ ಆದರೆ ತಪ್ಪೇನೂ ಇಲ್ಲ.

ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಲ್ಲಿ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವವರಿಗೆ ಕಡಿಮೆ ಸೇವಾ ಶುಲ್ಕದಲ್ಲಿ ಸಾಲ ಸಿಗುತ್ತದೆ. ಇದು ಸಾಲ, ಓದು ಮುಗಿದ ಮೇಲೆ ಕಂತುಗಳಲ್ಲಿ ತೀರಿಸಬೇಕು. ಸೀಟು ಸಿಗುವ ಮೊದಲೇ ಅರ್ಜಿ ಕರೆಯುವುದರಿಂದ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುವುದರಿಂದ ಆ ಖಾತೆ ಆಧಾರ್‌ಗೆ ಜೋಡಣೆಯಾಗಿರಲೇಬೇಕು.

ಬ್ಯಾಂಕಿನಲ್ಲಿ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಬೇಕಾಗುವುದಿಲ್ಲ. ಸರ್ಕಾರದ ಖಾತರಿ ಯೋಜನೆಯಡಿ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಕೊಡುತ್ತಾರೆ. 2024ರಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನ, ಜಾಮೀನು ಇಲ್ಲದ ಸಾಲವಿದೆ. 8 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3ರಷ್ಟು ರಿಯಾಯಿತಿಯೂ ಇದೆ. ಅಂಗಡಿಯ ಬಂಡವಾಳ ಮುರಿದು ಅಥವಾ ಕೈಸಾಲ ಮಾಡಿ ಶುಲ್ಕ ಕಟ್ಟುವ ಮೊದಲು ಇದನ್ನು ವಿಚಾರಿಸಬೇಕು.

ಎರಡು ಎಚ್ಚರಿಕೆಯ ಮಾತು. ಸೀಟು ಕೊಡಿಸುತ್ತೇನೆಂದು ರಸೀದಿಯಿಲ್ಲದೆ ನಗದು ಕೇಳುವ ಏಜೆಂಟರಿಂದ ದೂರವಿರಬೇಕು. ಕ್ಯಾಪಿಟೇಶನ್ ಶುಲ್ಕವನ್ನು ಕರ್ನಾಟಕದಲ್ಲಿ 1984ರ ಕಾಯ್ದೆಯೇ ನಿಷೇಧಿಸಿದೆ. ಕೊಟ್ಟ ಹಣ ಮುಳುಗಿದರೆ ಕೇಳಲು ಕಾಗದವೂ ಇರುವುದಿಲ್ಲ. ಎರಡನೆಯದು ಆದಾಯ ಪ್ರಮಾಣ ಪತ್ರ. ಆದಾಯ ತೆರಿಗೆ ರಿಟರ್ನಿನಲ್ಲಿ ಒಂದು ಮೊತ್ತ, ತಹಶೀಲ್ದಾರರ ಮುಂದೆ ಇನ್ನೊಂದು ಮೊತ್ತ ತೋರಿಸುವುದು ಇಂದು ಸುಲಭವಾಗಿ ಸಿಕ್ಕಿಬೀಳುವ ತಪ್ಪು, ಪ್ರವೇಶವೇ ರದ್ದಾಗಬಹುದು. ಸಿಕ್ಕಿಬೀಳದಿದ್ದರೂ ಅದು ನಿಜವಾಗಿ ಬಡವರಾದ ಇನ್ನೊಬ್ಬರ ಮಗುವಿನ ಸೀಟು. ಸತ್ಯ, ಅಚೌರ್ಯ ಅಣುವ್ರತಗಳನ್ನು ಪಾಠಶಾಲೆಯಲ್ಲಿ ಕಲಿತ ಮಗುವಿಗೆ ಮನೆಯವರೇ ಸುಳ್ಳು ಕಾಗದ ಕೊಟ್ಟು ಕಳಿಸಬಾರದು.

ವಸತಿ ಮತ್ತು ಊಟ

ಸೀಟು ಸಿಕ್ಕ ಮೇಲೆ ಜೈನ ಮನೆಗಳಿಗೆ ಬರುವ ಮೊದಲ ಚಿಂತೆ ಊಟದ್ದು. ಸೂರ್ಯಾಸ್ತದೊಳಗೆ ಊಟ, ಈರುಳ್ಳಿ ಬೆಳ್ಳುಳ್ಳಿ ಗೆಡ್ಡೆಗಳಿಲ್ಲದ ಅಡುಗೆ ಎಲ್ಲ ಕಾಲೇಜು ಹಾಸ್ಟೆಲ್‌ಗಳಲ್ಲಿ ಸಿಗದು. ಈ ಚಿಂತೆ ಹಿರಿಯರಿಗೆ ನೂರು ವರ್ಷಕ್ಕೂ ಹಿಂದೆಯೇ ಇತ್ತು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆ ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ನಡೆಸಿತು. ಮುಂದೆ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ ಸಾವಿರಾರು ಬಡ ಮಕ್ಕಳಿಗೆ ವಿದ್ಯೆ ಕೊಟ್ಟ ಕರ್ಮವೀರ ಭಾವುರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗ್‌ನಲ್ಲಿದ್ದು ಓದಿದವರು.

ಇಂದಿಗೂ ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಸಮಾಜದ ವಿದ್ಯಾರ್ಥಿನಿಲಯಗಳಿವೆ. ಅಲ್ಲಿ ಜಾಗ ಕಡಿಮೆ, ಕೇಳುವವರು ಹೆಚ್ಚು. ಸೀಟು ಖಚಿತವಾದ ಮೇಲೆ ಫೋನ್ ಮಾಡಿದರೆ ತುಂಬಿಹೋಗಿರುತ್ತದೆ. ಪಿಯುಸಿ ಪರೀಕ್ಷೆ ಮುಗಿದ ಕೂಡಲೇ ಅರ್ಜಿ ಯಾವಾಗ ಕೊಡುತ್ತಾರೆ, ಯಾವ ಪತ್ರ ಬೇಕು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಇದೆಯೇ ಎಂದು ಕೇಳಿಟ್ಟುಕೊಳ್ಳಬೇಕು. ಊಟದ ಕಾರಣಕ್ಕೆ ಮಗಳನ್ನು ದೂರದ ಒಳ್ಳೆಯ ಕಾಲೇಜಿಗೆ ಕಳಿಸದೆ ಇರುವುದಕ್ಕಿಂತ, ಎರಡು ಮೂರು ಕುಟುಂಬಗಳು ಸೇರಿ ಮನೆ ಬಾಡಿಗೆಗೆ ಹಿಡಿದು ಅಡುಗೆ ವ್ಯವಸ್ಥೆ ಮಾಡುವುದು ಒಳ್ಳೆಯದು. ಸರಳ ಅಡುಗೆಯನ್ನು ಹುಡುಗ ಹುಡುಗಿ ಎನ್ನದೆ ಎಲ್ಲ ಮಕ್ಕಳೂ ಪಿಯುಸಿ ರಜೆಯಲ್ಲಿ ಕಲಿತರೆ ಅರ್ಧ ಚಿಂತೆ ಕಡಿಮೆ.

ವರ್ಷವಾರು ಮಾಡಬೇಕಾದ ಕೆಲಸ

ಒಂಬತ್ತನೇ ತರಗತಿ: ಎಲ್ಲ ದಾಖಲೆಗಳ ಹೆಸರು, ಜನ್ಮ ದಿನಾಂಕ ಹೋಲಿಸಿ ನೋಡುವುದು. ಶಾಲಾ ದಾಖಲೆಯಲ್ಲಿ ಧರ್ಮ, ಜಾತಿ ತಿದ್ದಿಸುವುದು. ಹಿಂದಿನ ಶಾಲೆಗಳ ಪಟ್ಟಿ ಮಾಡುವುದು. ವಿದೇಶದಲ್ಲಿ ಓದಿಸುವ ಯೋಚನೆ ಇದ್ದರೆ ಅಂಕಪಟ್ಟಿಗಳನ್ನು ಇಂದಿನಿಂದಲೇ ಜೋಪಾನ ಮಾಡುವುದು. ಅಮೆರಿಕದ ಕಾಲೇಜುಗಳು ಒಂಬತ್ತನೇ ತರಗತಿಯಿಂದಲೇ ಅಂಕ ಕೇಳುತ್ತವೆ.

ಹತ್ತನೇ ತರಗತಿ: ಪರೀಕ್ಷಾ ನೋಂದಣಿಯ ಕರಡು ಪಟ್ಟಿಯನ್ನು ತಂದೆ ಅಥವಾ ತಾಯಿಯೇ ಓದಿ ನೋಡುವುದು. ಆಧಾರ್ ನವೀಕರಣ. ಪಿಯುಸಿ ವಿಷಯಗಳ ಬಗ್ಗೆ ಮಗುವಿನೊಂದಿಗೆ ಮಾತು.

ಪ್ರಥಮ ಪಿಯುಸಿ: ವ್ಯಾಸಂಗ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣ ಪತ್ರಗಳು. 371ಜೆ ಅನ್ವಯವಾದರೆ ಅದರ ಪತ್ರ. ವಿದ್ಯಾರ್ಥಿಯ ಹೆಸರಿನಲ್ಲಿ ಬ್ಯಾಂಕ್ ಖಾತೆ.

ದ್ವಿತೀಯ ಪಿಯುಸಿ: ದೀಪಾವಳಿಯೊಳಗೆ ಜಾತಿ, ಆದಾಯ, ಅಲ್ಪಸಂಖ್ಯಾತ ಪ್ರಮಾಣ ಪತ್ರ. ಪರೀಕ್ಷೆಗಳ ಕೊನೆಯ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ಅರ್ಜಿಗೆ ಕೊಟ್ಟ ಮೊಬೈಲ್ ಸಂಖ್ಯೆ, ಇಮೇಲ್ ಮನೆಯವರದೇ ಆಗಿರುವಂತೆ ನೋಡಿಕೊಳ್ಳುವುದು. ಒಟಿಪಿ ಸೈಬರ್ ಸೆಂಟರಿನವರ ಫೋನಿಗೆ ಹೋಗಬಾರದು.

ಎಲ್ಲ ಮೂಲ ಪತ್ರಗಳು ಒಂದು ಕಡತದಲ್ಲಿ, ಅವುಗಳ ಸ್ಕ್ಯಾನ್ ಪ್ರತಿ ಎರಡು ಫೋನುಗಳಲ್ಲಿ, ಡಿಜಿಲಾಕರ್‌ನಲ್ಲಿ ಸಿಗುವಂಥವು ಅಲ್ಲಿಯೂ ಇರಲಿ. ದೀಪಾವಳಿಯಂದು ಭಗವಾನ್ ಮಹಾವೀರರ ನಿರ್ವಾಣ ಪೂಜೆ ಮುಗಿಸಿ ಹೊಸ ಲೆಕ್ಕದ ಪುಸ್ತಕ ತೆರೆಯುವ ವ್ಯಾಪಾರಸ್ಥರು ಅದೇ ವಾರ ಮಕ್ಕಳ ಕಡತವನ್ನೂ ತೆರೆದು ಒಮ್ಮೆ ನೋಡಿದರೆ, ಯಾವ ಪತ್ರದ ಅವಧಿ ಮುಗಿಯುತ್ತಿದೆ ಎಂಬುದು ವರ್ಷ ವರ್ಷ ತಿಳಿಯುತ್ತದೆ.

ನಿಯಮಗಳು, ದಿನಾಂಕಗಳು, ಆದಾಯ ಮಿತಿಗಳು ಕಾಲಕಾಲಕ್ಕೆ ಬದಲಾಗುತ್ತವೆ. ಆಯಾ ವರ್ಷದ ಮಾಹಿತಿ ಪುಸ್ತಕವನ್ನು ಓದಿಯೇ ಅರ್ಜಿ ತುಂಬಬೇಕು. ಓದು ಬರಹ ಕಡಿಮೆ ಇರುವ ಪೋಷಕರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಬಸದಿಯ ಪೂಜೆ ಮುಗಿದ ಮೇಲೆ, ಜೈನ್ ಮಿಲನ್ ಸಭೆಯ ಕೊನೆಗೆ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟು, ಈಗಾಗಲೇ ಸೀಟು ಪಡೆದ ಮಕ್ಕಳಿಂದಲೇ ಚಿಕ್ಕವರಿಗೆ ಹೇಳಿಸಬಹುದು. ಶಾಸ್ತ್ರದಾನವೂ ದಾನಗಳಲ್ಲಿ ಒಂದು ಎನ್ನುವ ಸಮಾಜದಲ್ಲಿ, ಪಕ್ಕದ ಮನೆಯ ಮಗುವಿನ ಅರ್ಜಿಯನ್ನು ಜೊತೆಗೆ ಕುಳಿತು ತುಂಬಿಕೊಡುವುದೂ ಅದೇ ಸಾಲಿಗೆ ಸೇರುತ್ತದೆ.

ಜೈ ಜಿನೇಂದ್ರ.